ಹಾಕಿ ಆಡುವ ಹುಡುಗಿಯರು ಪ್ರೌಢಶಾಲೆಯ ತಂಡವನ್ನು ಸೇರುವುದು ಯಾವಾಗ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಸೂಳೆಕೆರೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಸೀಮೆಯವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿಮಡಿಯ ಪೈರನ್ನು ಕಿತ್ತು ನಾಟಿ ಮಾಡುವುದಕ್ಕೆ ಒಂದು ಹದವುಂಟು. ತೀರ ಎಳೆಯದನ್ನು ನೆಟ್ಟರೆ ನಿಂತ ನೀರಿನಲ್ಲಿ ಮುಳುಗಿ ಕೊಳೆಯುತ್ತದೆ; ಬಲಿತದ್ದನ್ನು ನೆಟ್ಟರೆ ತೆಂಡೆ ಒಡೆಯುವುದಿಲ್ಲ. ಆಟಕ್ಕೆ ಬರುವ ಮಕ್ಕಳ ವಿಷಯದಲ್ಲಿಯೂ ಇಂಥದೊಂದು ಹದವಿದೆಯೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನನ್ನ ತಂಗಿ ಈಗ ಏಳನೆಯ ತರಗತಿಯಲ್ಲಿದ್ದಾಳೆ, ಹನ್ನೆರಡು ತುಂಬಿದೆ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದಾಗ ಅಂಚಿನ ಬಯಲಿನಲ್ಲಿ ನನ್ನ ಹಳೆಯ ಸ್ಟಿಕ್ಕನ್ನು ಹಿಡಿದು ಸಂಜೆಯವರೆಗೆ ಓಡಾಡುತ್ತಾಳೆ. ಬರುವ ಜೂನ್‌ನಲ್ಲಿ ಅವಳು ಪ್ರೌಢಶಾಲೆಗೆ ಸೇರಬೇಕು. ಅವಳ ಓಟವನ್ನು ಕಂಡ ಪಿ.ಟಿ. ಮೇಷ್ಟ್ರು ಮೊದಲ ವರ್ಷವೇ ತಂಡಕ್ಕೆ ಹಾಕಿಕೊಳ್ಳುತ್ತೇನೆಂದಿದ್ದಾರೆ. ಅಪ್ಪನಿಗೆ ಸುತರಾಂ ಮನಸ್ಸಿಲ್ಲ. ಅವ್ವ ಮಾತ್ರ ನನ್ನ ಮುಖ ನೋಡಿ, "ಈ ಮನ್ಯಾಗೆ ಓದಿದೋಳು ನೀನೊಬ್ಬಳೇ. ನೀನೇ ಹೇಳವ್ವ" ಎಂದಳು.

ಅಪ್ಪನ ಅಂಜಿಕೆಗೆ ಕಾರಣ ನಾನೇ. ಎಂಟನೆಯ ತರಗತಿಗೆ ಸೇರಿದ ಎರಡೇ ತಿಂಗಳಲ್ಲಿ, ಹನ್ನೊಂದು ಮಂದಿ ಭರ್ತಿಯಾಗಲಿಲ್ಲವೆಂಬ ಒಂದೇ ಕಾರಣಕ್ಕೆ ನನ್ನನ್ನು ಪಂದ್ಯಕ್ಕೆ ಇಳಿಸಿದರು. ಮೊಣಕಾಲ ಕೆಳಗೆ ಕಟ್ಟುವ ಗಾರ್ಡು ಇರಲಿಲ್ಲ. ಎದುರು ತಂಡದ ದೊಡ್ಡ ಹುಡುಗಿಯೊಬ್ಬಳು ಹೊಡೆದ ಚೆಂಡು ಕಾಲಿನ ಎಲುಬಿಗೆ ಬಡಿಯಿತು. ಒಂದೂವರೆ ತಿಂಗಳು ಕುಂಟಿದೆ. ಮತ್ತೆ ಸ್ಟಿಕ್ಕು ಹಿಡಿಯುವ ಹೊತ್ತಿಗೆ ಹತ್ತನೆಯ ತರಗತಿ. ಪರೀಕ್ಷೆಯ ಹೆಸರಿನಲ್ಲಿ ಅದೂ ನಿಂತಿತು. ಆ ದಿನ ನನ್ನನ್ನು ಇಳಿಸಿದ್ದು ತಪ್ಪೋ, ಸಿದ್ಧಗೊಳಿಸದೆ ಇಳಿಸಿದ್ದು ತಪ್ಪೋ? ಇಡೀ ವಿಚಾರ ಈ ಎರಡು ಮಾತುಗಳ ಅಂತರದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಮೊದಲು ಆಟದ ಸ್ವರೂಪವನ್ನು ನೋಡೋಣ. ಹಾಕಿಯ ಅಂಕಣ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಚೆಂಡು ಗಟ್ಟಿಯಾದದ್ದು, ತೂಕ 156ರಿಂದ 163 ಗ್ರಾಂ. ಶಾಲಾ ಕ್ರೀಡೆಗಳಲ್ಲಿ 14, 17 ಮತ್ತು 19 ವರ್ಷದೊಳಗಿನವರೆಂಬ ವಿಭಾಗಗಳಿವೆ. ಎಂಟನೆಯ ತರಗತಿಯ ಹುಡುಗಿಗೆ ಹದಿಮೂರು ವರ್ಷ. 17ರ ವಿಭಾಗದಲ್ಲಿ ಅವಳು ಹದಿನಾರರ ಹುಡುಗಿಯನ್ನು ಎದುರಿಸಬೇಕು. ಬೇರೆ ವಯಸ್ಸಿನಲ್ಲಿ ಮೂರು ವರ್ಷ ದೊಡ್ಡ ಅಂತರವಲ್ಲ. ಈ ವಯಸ್ಸಿನಲ್ಲಿ ಅದು ಒಂದು ತಲೆಮಾರಿನಷ್ಟು.

ಇನ್ನು ದೇಹದ ಮಾತು. ಹುಡುಗಿಯರು ಅತ್ಯಂತ ವೇಗವಾಗಿ ಎತ್ತರ ಬೆಳೆಯುವುದು ಸುಮಾರು ಹನ್ನೆರಡನೆಯ ವಯಸ್ಸಿನ ಆಚೀಚೆ. ಆಗ ಎಲುಬಿನ ತುದಿಗಳಲ್ಲಿರುವ ಬೆಳವಣಿಗೆಯ ಭಾಗ ಇನ್ನೂ ಮೃದುವಾಗಿರುತ್ತದೆ. ಕೈಕಾಲು ಒಮ್ಮೆಲೆ ಉದ್ದವಾದುದರಿಂದ ನಿನ್ನೆ ಬಂದ ಹಿಡಿತ ಇಂದು ತಪ್ಪುವುದೂ ಉಂಟು. ಮೈನೆರೆದ ಬಳಿಕ ಮೊಣಕಾಲಿನ ಒಳಗಿನ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚೆಂದು ವೈದ್ಯರು ಕಂಡುಕೊಂಡಿದ್ದಾರೆ. ನೆಗೆದು ಇಳಿಯುವ, ಓಡುತ್ತ ತಿರುಗುವ ಕ್ರಮವನ್ನು ಅಭ್ಯಾಸ ಮಾಡಿಸಿದರೆ ಅದು ತಗ್ಗುತ್ತದೆ. ರಕ್ತಹೀನತೆಯನ್ನಂತೂ ಮರೆಯುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59.1 ಮಂದಿ ರಕ್ತಹೀನರು. ಓಡುವಾಗ ಬೇಗ ದಣಿಯುವವಳನ್ನು ಸೋಮಾರಿಯೆಂದು ಗದರುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸುವುದು ಮೇಲು.

ಹಾಗಾದರೆ ತಡಮಾಡುವುದೇ ಕ್ಷೇಮವೆ? ಹಾಗೂ ಹೇಳಲಾಗದು. ಹರಿಯಾಣದ ಶಹಾಬಾದಿನ ರಾಣಿ ರಾಂಪಾಲ್ ಅವರ ತಂದೆ ಗಾಡಿ ಎಳೆದು ಬದುಕುತ್ತಿದ್ದವರು. ರಾಣಿ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿಯೇ ಮೈದಾನಕ್ಕೆ ಹೋದರು. ದೇಹದಲ್ಲಿ ಶಕ್ತಿ ಸಾಲದೆಂದು ತರಬೇತುದಾರರು ಮೊದಲು ಸೇರಿಸಿಕೊಳ್ಳಲಿಲ್ಲ. ಮುರಿದ ಸ್ಟಿಕ್ಕಿನಲ್ಲಿ ಅಭ್ಯಾಸ ಮಾಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. 2009ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಅವರು ಭಾರತ ತಂಡಕ್ಕೆ ಆಡಿದರು. ಗೋಲ್‌ಕೀಪರ್ ಸವಿತಾ ಪೂನಿಯಾ ಅವರ ದಾರಿ ಬೇರೆ. 1990ರಲ್ಲಿ ಹುಟ್ಟಿದ ಅವರು ಭಾರತದ ಪರವಾಗಿ ಮೊದಲು ಆಡಿದ್ದು 2011ರಲ್ಲಿ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 1-0ಯಿಂದ ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಇಬ್ಬರೂ ಇದ್ದರು. ರಾಣಿ ನಾಯಕಿ, ಸವಿತಾ ಗೋಲಿನ ಕಾವಲು. ಒಬ್ಬರು ಬೇಗ ಬಂದರು, ಒಬ್ಬರು ತಡವಾಗಿ ಬಂದರು. ಆದರೆ ಇಬ್ಬರ ಅಭ್ಯಾಸವೂ ಶಾಲೆಯ ದಿನಗಳಲ್ಲಿಯೇ ಮೊದಲಾಗಿತ್ತೆಂಬುದು ಗಮನಾರ್ಹ.

ನಮ್ಮ ನಾಡಿಗೂ ಈ ಪರಂಪರೆ ಹೊಸದಲ್ಲ. 1960ರಿಂದ 1967ರವರೆಗಿನ ಅವಧಿಯಲ್ಲಿ ಮೈಸೂರು ರಾಜ್ಯದ ಮಹಿಳಾ ತಂಡ ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಆ ತಂಡದ ನಾಯಕಿ, ಬೆಂಗಳೂರಿನ ಎಲ್ವೆರಾ ಬ್ರಿಟ್ಟೊ ಅವರಿಗೆ 1965ರ ಅರ್ಜುನ ಪ್ರಶಸ್ತಿ ಬಂದಿತು. ಸೋದರಿಯರಾದ ರೀಟಾ ಮತ್ತು ಮೇ ಅವರೂ ಆಟಗಾರ್ತಿಯರೇ. ಕೊಡಗಿನಲ್ಲಿ 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಹೆಣ್ಣುಮಕ್ಕಳು ಮನೆತನದ ತಂಡದಲ್ಲಿ ಗಂಡಸರ ಜೊತೆಗೇ ಆಡುತ್ತಾರೆ. ಅಂಥ ಕಡೆ ಮಗು ಮನೆಯಂಗಳದಲ್ಲಿಯೇ ಆಟ ಕಲಿತುಕೊಳ್ಳುತ್ತದೆ. ಖೋ ಖೋ, ಕಬಡ್ಡಿಗಳೇ ಬಳಕೆಯಲ್ಲಿರುವ ನಮ್ಮ ಹಳ್ಳಿಗಳಲ್ಲಾದರೋ ಹಾಕಿಗೆ ಶಾಲೆಯ ಮೈದಾನವೇ ಮೊದಲ ಅಂಗಳ. ಅಲ್ಲಿಗೆ ಬರುವುದು ತಡವಾದರೆ ಕಲಿಯುವುದಕ್ಕೆ ಬೇರೆ ಎಡೆಯಿಲ್ಲ.

ಆದ್ದರಿಂದ ನಾನು ಕಂಡುಕೊಂಡ ನಿರ್ಣಯವಿದು: ಅಭ್ಯಾಸಕ್ಕೆ ಸೇರುವುದು ಬೇರೆ, ಪಂದ್ಯಕ್ಕೆ ಇಳಿಯುವುದು ಬೇರೆ. ಅಭ್ಯಾಸಕ್ಕೆ ಎಂಟನೆಯ ತರಗತಿಯ ಮೊದಲ ವಾರವೇ ಸರಿಯಾದ ಕಾಲ. ಹಿರಿಯರೊಡನೆ ಪಂದ್ಯ ಆಡುವುದಕ್ಕೆ ವಯಸ್ಸನ್ನಾಗಲಿ ಎತ್ತರವನ್ನಾಗಲಿ ಅಳತೆಗೋಲಾಗಿ ಹಿಡಿಯದೆ, ಈ ನಾಲ್ಕು ವಿಷಯಗಳನ್ನು ನೋಡತಕ್ಕದ್ದು.

ಒಂದು, ಬಿರುಸಾಗಿ ಬರುವ ಚೆಂಡನ್ನು ಅವಳು ತಡೆದು ನಿಲ್ಲಿಸಬಲ್ಲಳೆ, ತಲೆಯೆತ್ತಿ ನೋಡುತ್ತ ತಳ್ಳಬಲ್ಲಳೆ? ಎರಡು, ಆಟದ ಕೊನೆಯವರೆಗೆ ದಣಿಯದೆ ಓಡಬಲ್ಲಳೆ? ದಣಿದ ಕಾಲೇ ಪೆಟ್ಟು ತಿನ್ನುವುದು. ಮೂರು, ಕಾಲಿಗೆ ಗಾರ್ಡು, ಹಲ್ಲಿಗೆ ರಕ್ಷೆ, ಅವಳ ಎತ್ತರಕ್ಕೆ ತಕ್ಕ ಸ್ಟಿಕ್ಕು ಇವೆಯೆ? ಇಲ್ಲವಾದರೆ ಎಷ್ಟು ಜಾಣೆಯಾದರೂ ಇಳಿಸಕೂಡದು. ನಾಲ್ಕು, ಮನೆಯವರ ಒಪ್ಪಿಗೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚು ತಪ್ಪಿತು, ನಿಜ. ಆದರೆ ಅಭ್ಯಾಸ ಮುಗಿಯುವ ಮೊದಲೇ ಕಡೆಯ ಬಸ್ಸು ಹೊರಟುಹೋದರೆ ಏನು ಪ್ರಯೋಜನ? ತಿಂಗಳ ದಿನಗಳಲ್ಲಿ ಆಡುವುದೋ ಬಿಡುವುದೋ ಅವಳ ಇಚ್ಛೆಗೆ ಬಿಟ್ಟದ್ದು. ಮೈದಾನದ ಬಳಿ ನೀರಿರುವ ಶೌಚಾಲಯವಂತೂ ಇರಲೇಬೇಕು.

ಇವೆಲ್ಲ ಕೂಡಿಬಂದ ಹುಡುಗಿ ಎಂಟನೆಯ ತರಗತಿಯವಳಾದರೂ ಆಡಲಿ. ಮೊದಲು ಓರಗೆಯವರೊಡನೆ, ಬಳಿಕ ಹಿರಿಯರೊಡನೆ ಸ್ವಲ್ಪ ಹೊತ್ತು, ಆಮೇಲೆ ಪೂರ್ತಿ ಪಂದ್ಯ. ಕೂಡಿಬರದಿದ್ದರೆ ಒಂದು ವರ್ಷ ಕಾಯಲಿ. ಒಂಬತ್ತನೆಯ ತರಗತಿಯಲ್ಲಿ ಆಸೆ ಹುಟ್ಟಿ ಬಂದವಳನ್ನು "ತಡವಾಯಿತು" ಎಂದು ಹಿಂದಕ್ಕೆ ಕಳಿಸುವುದಂತೂ ಬೇಡ. ಹನ್ನೊಂದು ಮಂದಿ ಭರ್ತಿಯಾಗಲಿಲ್ಲವೆಂಬುದು ಶಾಲೆಯ ಕಷ್ಟ. ಅದನ್ನು ಎಳೆಯ ಕಾಲುಗಳ ಮೇಲೆ ಹೊರಿಸಬಾರದು.

ನಾನು ಅವ್ವನಿಗೂ ಅಪ್ಪನಿಗೂ ಇದನ್ನೇ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಕಾಲಿಗೆ ಕಟ್ಟೋದು ಎಷ್ಟಕ್ಕೆ ಬರ್ತದೆ?" ಎಂದು ಮಾತ್ರ ಕೇಳಿದರು. ಮುಂದಿನ ವಾರ ದಾವಣಗೆರೆಗೆ ಹೋದಾಗ ತರುವುದೆಂದು ನಿಶ್ಚಯವಾಗಿದೆ. ತಂಗಿ ಜೂನ್‌ನಲ್ಲಿ ಅಭ್ಯಾಸಕ್ಕೆ ಹೋಗುತ್ತಾಳೆ. ಪಂದ್ಯದ ಮಾತನ್ನು ಅವಳ ಕೈಕಾಲುಗಳು ಹೇಳಲಿ. ನಮ್ಮಲ್ಲಿ ಮುಂದೆ ಶಿಕ್ಷಕರಾಗುವವರೂ ತಂದೆತಾಯಿಗಳಾಗುವವರೂ ಇದ್ದಾರಷ್ಟೆ. ಅವರು ಈ ವಿಷಯವನ್ನು ಸ್ವಲ್ಪ ಯೋಚಿಸಿದರೆ ನನ್ನ ಶ್ರಮ ಸಾರ್ಥಕ.