ಬೇಲಿಯ ಮೇಲಿನ ಅಗ್ನಿಶಿಖೆ

ಮಳೆಗಾಲದಲ್ಲಿ, ಗೌರಿ ಹಬ್ಬದ ಆಸುಪಾಸಿನಲ್ಲಿ, ಕಾಡಂಚಿನ ಬೇಲಿಗಳ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಹೂವನ್ನು ತಾವು ನೋಡಿರಬಹುದು. ಗೌರಿ ಹೂ, ಕೋಳಿಕುಟುಮ, ಅಗ್ನಿಶಿಖೆ ಎಂಬ ಹೆಸರುಗಳೆಲ್ಲ ಈ ಬಳ್ಳಿಯವೇ. ಆಯುರ್ವೇದದಲ್ಲಿ ಇದು ಲಾಂಗಲಿ. ಸಸ್ಯಶಾಸ್ತ್ರದಲ್ಲಿ ಗ್ಲೋರಿಯೋಸಾ ಸುಪರ್ಬಾ. ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಬಳ್ಳಿಗೇನು ಕೆಲಸವೆಂದು ತಾವು ಕೇಳಬಹುದು. ಬೇಡವಾದ ಬಸಿರನ್ನು ಕಳೆಯಲು, ತಡವಾದ ಹೆರಿಗೆಯನ್ನು ಬೇಗ ಮಾಡಿಸಲು ಇದರ ಗೆಡ್ಡೆಯನ್ನು ಬಳಸುವ ರೂಢಿ ಹಳೆಯದು. ಗರ್ಭವನ್ನು ಹೊರದೂಡುವುದೆಂಬ ಅರ್ಥದ 'ಗರ್ಭನುತ್' ಎಂಬ ಹೆಸರೂ ಇದಕ್ಕುಂಟು.

ಮೊದಲು ಎಲೆಯನ್ನು ನೋಡಿರಿ. ತೊಟ್ಟಿಲ್ಲದ, ಈಟಿಯಾಕಾರದ ಎಲೆಯ ತುದಿಯೇ ಸುರುಳಿಯಾಗಿ ಬಳ್ಳಿಕುಡಿಯಾಗಿರುತ್ತದೆ. ಅದರಿಂದಲೇ ಬಳ್ಳಿಯು ಆಸರೆಯನ್ನು ಹಿಡಿದು ಏರುತ್ತದೆ. ಹೂವು ಬಾಗಿ ತೂಗುತ್ತದೆ, ಆದರೆ ಅಲೆಯಂಚಿನ ಆರು ದಳಗಳು ಮೇಲ್ಮುಖವಾಗಿ ಮಡಚಿಕೊಂಡಿರುತ್ತವೆ. ಅವು ಮೊದಲು ಹಸಿರಾಗಿದ್ದು ಹಳದಿಗೆ, ಕಿತ್ತಳೆಗೆ, ಕೊನೆಗೆ ಕಡುಗೆಂಪಿಗೆ ತಿರುಗುತ್ತವೆ. ಗೆಡ್ಡೆಯು ನೇಗಿಲಿನಂತೆ ಕವಲೊಡೆದಿರುವುದರಿಂದಲೇ ಲಾಂಗಲಿ ಎಂಬ ಹೆಸರು. ಅಪಾಯವಿರುವುದು ಬಳ್ಳಿ ಒಣಗಿದ ಮೇಲೆ. ಆಗ ಎಲೆಯೂ ಇಲ್ಲ, ಹೂವೂ ಇಲ್ಲ. ನೆಲದೊಳಗಿನ ಗೆಡ್ಡೆಯನ್ನು ಗೆಣಸೆಂದು ಅಗೆದು ಬೇಯಿಸಿ ತಿಂದವರುಂಟು. ಕಾಡುಗೆಣಸಿನ ಬಳ್ಳಿಯು ಕಾಂಡವನ್ನೇ ಸುತ್ತಿ ಹಬ್ಬುತ್ತದೆ, ಅದರ ಎಲೆಯ ತುದಿಯಲ್ಲಿ ಕುಡಿಯಿರದು. ಈ ಭೇದವನ್ನು ಮಕ್ಕಳಿಗೂ ತೋರಿಸಿಕೊಡಿರಿ.

ಗಿಡದ ಸರ್ವಾಂಗದಲ್ಲಿಯೂ, ಗೆಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ಅಳೆದ ಅಲ್ಪ ಪ್ರಮಾಣದಲ್ಲಿ ಇದೇ ವಸ್ತುವು ಗೌಟ್ ಎಂಬ ಕೀಲುರೋಗಕ್ಕೆ ಔಷಧವೆಂಬುದು ನಿಜ. ಗೆಡ್ಡೆಯ ತುಂಡಿನಲ್ಲಿ ಎಷ್ಟಿದೆಯೆಂದು ಅಳೆಯುವವರಾರು? ತಿಂದ ಕೆಲವು ಗಂಟೆಗಳ ತನಕ ಏನೂ ತೋರದಿರಬಹುದು. ಅನಂತರ ಗಂಟಲಿನ ಉರಿ, ಎಡೆಬಿಡದ ವಾಂತಿ, ರಕ್ತಭೇದಿ. ಎರಡು ಮೂರು ದಿನಗಳಲ್ಲಿ ಮೂಳೆಯ ಮಜ್ಜೆ, ಮೂತ್ರಪಿಂಡ, ಹೃದಯಗಳು ಕೆಡುತ್ತವೆ. ಬದುಕಿ ಉಳಿದವರಿಗೆ ಕೆಲವು ವಾರಗಳಲ್ಲಿ ತಲೆಗೂದಲು ಉದುರುವುದುಂಟು. ಗರ್ಭ ಹೋಗುವ ಮುನ್ನ ತಾಯಿಯೇ ಹೋಗಬಹುದು.

ಯಾರಾದರೂ ತಿಂದಿದ್ದರೆ ವಾಂತಿ ಮಾಡಿಸುತ್ತ ಕೂರದೆ, ಲಕ್ಷಣಗಳಿಗಾಗಿ ಕಾಯದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ಉಳಿದ ಗೆಡ್ಡೆಯ ಚೂರನ್ನೂ ತನ್ನಿರಿ. ತಿಂದದ್ದನ್ನು ನಾಚಿಕೆಯಿಂದ ಮುಚ್ಚಿಟ್ಟು 'ಬರೀ ಭೇದಿ' ಎಂದು ಹೇಳಿದರೆ ವೈದ್ಯರ ಕೈ ಕಟ್ಟಿದಂತೆ. ನಮ್ಮಲ್ಲಿ ಹೀಗೆ ಹೇಳುವವರೇ ಹೆಚ್ಚು.

ಬೇಡವಾದ ಬಸಿರಿಗೆ ಗೆಡ್ಡೆಯ ಹಂಗು ಬೇಕಿಲ್ಲ. 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯು, 2021ರ ತಿದ್ದುಪಡಿಯ ಪ್ರಕಾರ, ಕಾನೂನು ಹೇಳುವ ಕಾರಣಗಳಿದ್ದಲ್ಲಿ 20 ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ಇದಕ್ಕೆ ಅವಕಾಶ ನೀಡಿದೆ. ಗರ್ಭನಿರೋಧಕವು ವಿಫಲವಾದುದೂ ಅಂಥ ಒಂದು ಕಾರಣ. 18 ವರ್ಷ ತುಂಬಿದ ಮಹಿಳೆಗೆ ತನ್ನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಎಲ್ಲಿಗೆ ಹೋಗಬೇಕೆಂಬುದನ್ನು ತಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.