ಕಣಿವೆಯ ಬಣ್ಣ, ಕೊಡೈಯ ಚಳಿ: ಚಿತ್ರಹೆಣಿಗೆಯ ಸ್ವೆಟರ್

ತಮಿಳುನಾಡಿನ ಕಂಬಂ ಕಣಿವೆಯ ದ್ರಾಕ್ಷಿತೋಟಗಳ ನಡುವೆ ಬಾಳುವವರಿಗೆ ಉಣ್ಣೆಯ ಉಡುಪು ಅನವಶ್ಯಕವೆಂದು ತೋರಬಹುದಾದರೂ, ಸುಮಾರು 400 ಮೀಟರ್ ಎತ್ತರದ ಆ ನೆಲದಿಂದ ಹೊರಟು ಅರ್ಧ ದಿನದೊಳಗೆ 2,100 ಮೀಟರ್ ಎತ್ತರದ ಕೊಡೈಕೆನಾಲನ್ನು ಏರಿದವನು, ಸಂಜೆಯ ಮಂಜು ಇಳಿಯುವ ಹೊತ್ತಿಗೆ ತನ್ನ ಅಭಿಪ್ರಾಯವನ್ನು ತಾನೇ ತಿದ್ದಿಕೊಳ್ಳುತ್ತಾನೆ. ಆ ಬೆಟ್ಟಸಾಲಿನ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ನಯವಾದ ಉಣ್ಣೆಯ ಭಾರತ್ ಮೆರಿನೊ ಕುರಿಗಳನ್ನು ಸಾಕುತ್ತಿರುವುದೂ ಅಲ್ಲಿಯ ಶೀತಕ್ಕೆ ಸಾಕ್ಷಿಯೇ ಸರಿ. ದಿಂಡಿಗಲ್ಲಿನ ಬಳಿಯ ಚಿನ್ನಾಳಪಟ್ಟಿಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ದೇವಾಂಗ ನೇಕಾರರಿಗೆ ಬಣ್ಣದ ಪಾಠ ಬೇಕಿಲ್ಲ. ಆದರೆ ಮಗ್ಗವಿಲ್ಲದೆ, ಕಡ್ಡಿಗಳಿಂದಲೇ ಚಿತ್ರ ಮೂಡಿಸಬಯಸುವ ಹೊಸಬರಿಗಾಗಿ ಈ ಲೇಖನ.

1. ಬಣ್ಣದ ಆಯ್ಕೆ

ನಾನು ಮೊದಲು ಹೆಣೆದ ಸ್ವೆಟರಿಗೆ ಪನ್ನೀರ್ ದ್ರಾಕ್ಷಿಯ ಕಡುನೇರಳೆಯನ್ನೂ ಏಲಕ್ಕಿ ಎಲೆಯ ಕಡುಹಸುರನ್ನೂ ಆರಿಸಿದೆನು. ಅಂಗಡಿಯ ದೀಪದಡಿಯಲ್ಲಿ ಪರಸ್ಪರ ಶೋಭಿಸಿದ ಆ ಎರಡು ವರ್ಣಗಳು, ಕೊಡೈಯ ಮಬ್ಬುಬೆಳಕಿನಲ್ಲಿ ನಾಲ್ಕು ಮಾರು ದೂರದಿಂದ ನೋಡಿದಾಗ ಒಂದೇ ಕಪ್ಪಾಗಿ ಬೆರೆತು, ಎರಡು ತಿಂಗಳ ಶ್ರಮದ ಹೂಬಳ್ಳಿಯೆಲ್ಲ ಅದೃಶ್ಯವಾಗಿತ್ತು. ವರ್ಣಭೇದಕ್ಕಿಂತ ಛಾಯಾಭೇದವೇ, ಎಂದರೆ ತಿಳಿ-ಗಾಢಗಳ ಅಂತರವೇ, ಚಿತ್ರಹೆಣಿಗೆಯ ಜೀವಾಳವೆಂಬುದನ್ನು ಅಂದು ಕಲಿತೆನು.

ಆದುದರಿಂದ ನೂಲಿನ ಉಂಡೆಗಳನ್ನು ಹಗಲ ಬೆಳಕಿನಲ್ಲಿ ಸಾಲಾಗಿಟ್ಟು, ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ನೋಡಿರಿ. ಯಾವ ಎರಡು ಉಂಡೆಗಳು ಒಂದೇ ಬೂದುಬಣ್ಣವಾಗಿ ಕಾಣುವುವೋ ಅವನ್ನು ಒಂದೇ ಸುತ್ತಿನಲ್ಲಿ ಜೋಡಿಸತಕ್ಕದ್ದಲ್ಲ. ಹಿನ್ನೆಲೆಗೆ ಬೆಳ್ಳುಳ್ಳಿಯ ಕೆನೆಬಿಳುಪು, ಮುಖ್ಯ ಚಿತ್ರಕ್ಕೆ ದ್ರಾಕ್ಷಿಯ ನೇರಳೆ, ನಡುನಡುವೆ 2018ರಲ್ಲಿ ಈ ಬೆಟ್ಟಗಳನ್ನು ತುಂಬಿದ ಕುರಿಂಜಿ ಹೂವಿನ ತಿಳಿನೀಲಿ: ಮೂರು ಬಣ್ಣಗಳೇ ಯಥೇಷ್ಟ.

2. ನೂಲು

ಮಧ್ಯಮ ದಪ್ಪದ ಉಣ್ಣೆ ನೂಲು ಒಟ್ಟು 500ರಿಂದ 600 ಗ್ರಾಂ ಬೇಕು. ಅದರಲ್ಲಿ ಸುಮಾರು 400 ಗ್ರಾಂ ಹಿನ್ನೆಲೆಯ ಬಣ್ಣವಿರಲಿ. ಒಂದೇ ಬಣ್ಣದ ಉಂಡೆಗಳ ಚೀಟಿಯ ಮೇಲಿನ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ) ಸಂಖ್ಯೆಯೂ ಒಂದೇ ಆಗಿರಬೇಕು. ಗಾಢ ನೂಲಿನ ಒಂದು ಎಳೆಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟರೆ, ಬಣ್ಣ ಬಿಡುವ ನೂಲು ಬೆಳಗಾಗುವುದರೊಳಗೆ ತನ್ನ ಗುಟ್ಟನ್ನು ತಾನೇ ಒಪ್ಪಿಕೊಳ್ಳುತ್ತದೆ.

3. ಮಾದರಿ ತುಂಡು

4 ಮಿಲಿಮೀಟರ್ ಕಡ್ಡಿಯಲ್ಲಿ ಎರಡು ಬಣ್ಣಗಳಿಂದಲೇ ಒಂದು ತುಂಡು ಹೆಣೆದು, ತೊಳೆದು, ಒಣಗಿಸಿ, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆಗಳೆಂದು ಎಣಿಸಿರಿ. 22 ಬಂದಿತೆನ್ನಿ; 90 ಸೆಂಟಿಮೀಟರ್ ಎದೆಸುತ್ತಿಗೆ 8 ಸೆಂಟಿಮೀಟರ್ ಸಡಿಲ ಸೇರಿಸಿದರೆ 98, ಅದಕ್ಕೆ 215.6 ಕುಣಿಕೆ. ಎಂಟು ಕುಣಿಕೆಗಳ ಚಿತ್ರ ತಪ್ಪದೆ ಸುತ್ತುಬರಬೇಕಾದುದರಿಂದ 216ನ್ನು ಹಿಡಿಯಿರಿ.

4. ಹೆಣೆಯುವ ಕ್ರಮ

ಸುತ್ತುಕಡ್ಡಿಯಲ್ಲಿ 216 ಕುಣಿಕೆ ಹಾಕಿ, ಎರಡು ಸೀದಾ ಎರಡು ಉಲ್ಟಾ ಎಂಬಂತೆ ಆರು ಸೆಂಟಿಮೀಟರ್ ಪಟ್ಟಿ ಹೆಣೆದು, ಕಂಕುಳವರೆಗೆ ಹಿನ್ನೆಲೆಯ ಬಣ್ಣದಲ್ಲೇ ಸಾಗಿರಿ. ತೋಳುಗಳನ್ನು 48ರಿಂದ ಆರಂಭಿಸಿ, ಆರು ಸುತ್ತಿಗೊಮ್ಮೆ ಎರಡೆರಡು ಹೆಚ್ಚಿಸುತ್ತ 72ಕ್ಕೆ ತಲುಪಿಸಿರಿ. ಮೈಯ ಎರಡು ಪಕ್ಕಗಳಲ್ಲೂ ಪ್ರತಿ ತೋಳಿನಲ್ಲೂ 12 ಕುಣಿಕೆಗಳನ್ನು ಕಂಕುಳಿಗೆಂದು ಬೇರೆ ದಾರದಲ್ಲಿ ಕೂಡಿಟ್ಟರೆ, ಮೈಯಿಂದ 192, ತೋಳುಗಳಿಂದ 120, ಒಟ್ಟು 312 ಒಂದೇ ಕಡ್ಡಿಗೆ ಬರುತ್ತವೆ. ಚಿತ್ರಗಳು ಈ ಭುಜವೃತ್ತದಲ್ಲಿಯೇ ಮೂಡಬೇಕು: ಮೊದಲು ಎಂಟು ಕುಣಿಕೆಗಳ ಚಿತ್ರ, ಆಮೇಲೆ ಪ್ರತಿ ಎಂಟನ್ನು ಆರಕ್ಕಿಳಿಸಿ 234ರಲ್ಲಿ ಆರರ ಚಿತ್ರ, ಮುಂದೆ ನಾಲ್ಕಕ್ಕಿಳಿಸಿ 156ರಲ್ಲಿ ನಾಲ್ಕರ ಚಿತ್ರ, ಕಡೆಗೆ ಮೂರಕ್ಕಿಳಿಸಿದ 117ರಿಂದ ಮತ್ತೆ 17 ಕಳೆದು 100ರಲ್ಲಿ ಕೊರಳ ಪಟ್ಟಿ. ಕಳೆಯುವ ಸುತ್ತುಗಳು ಒಂದೇ ಬಣ್ಣದವಾಗಿರಲಿ.

5. ಹಿಂಬದಿಯ ಎಳೆ

ಒಂದು ಸುತ್ತಿನಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣ ಬೇಡ. ಕೆಳಗಿನಿಂದ ಬರುವ ನೂಲು ಎದ್ದು ಕಾಣುವುದು ಹೆಣಿಗೆಯ ಸ್ವಭಾವವಾದುದರಿಂದ, ಚಿತ್ರದ ನೂಲು ಸದಾ ಕೆಳಗೂ ಹಿನ್ನೆಲೆಯದು ಮೇಲೂ ಇರಬೇಕು. ನಡುವೆ ಅದಲುಬದಲಾದರೆ ಚಿತ್ರ ಅಲ್ಲಲ್ಲಿ ಮಂಕಾಗುತ್ತದೆ. ಆಗ ಬಳಸದ ಬಣ್ಣವು ಹಿಂಬದಿಯಲ್ಲಿ ಬಿಡುವ ಎಳೆ ಐದು ಕುಣಿಕೆಗಳನ್ನು ಮೀರಿದರೆ ನಡುವೆ ಒಮ್ಮೆ ಸಿಕ್ಕಿಸಿರಿ, ಇಲ್ಲವಾದರೆ ಬೆರಳು ತೊಡಕಿಕೊಳ್ಳುತ್ತದೆ. ಬಣ್ಣ ಬದಲಿಸುವ ಮುನ್ನ ಹೆಣೆದ ಕುಣಿಕೆಗಳನ್ನು ಬಲಗಡ್ಡಿಯ ಮೇಲೆ ಅಗಲವಾಗಿ ಹರಡಿರಿ. ಎಳೆ ಬಿಗಿಯಾದರೆ ಸ್ವೆಟರ್ ತಲೆಯಿಂದ ಇಳಿಯದು.

6. ಕೊನೆಗೆ

ಕಂಕುಳು ಹೊಲಿದು, ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಸಮವಾಗಿ ಹಾಸಿ ಒಣಗಿಸಿರಿ. ಒಣಗಿದ ಮೇಲೆ ಒಳಮಗ್ಗುಲನ್ನು ಹೊರಗೆ ತಿರುಗಿಸಿ ನೋಡಿರಿ: ಅಲ್ಲಿಯ ಎಳೆಗಳು ಸೊಟ್ಟಗಾಗದೆ, ಜೋಲದೆ, ಮಟ್ಟಸವಾಗಿ ಮಲಗಿದ್ದರೆ, ಹೊರಮಗ್ಗುಲನ್ನು ಕುರಿತು ಯಾರನ್ನೂ ಕೇಳಬೇಕಾದುದಿಲ್ಲ.