ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯ ಎಂಜಿನ್ - ಹೋಟೆಲಿನವರು ತಿಳಿದಿರಬೇಕಾದ ವಿಷಯಗಳು



ಗ್ರೈಂಡರ್, ಬಾಯ್ಲರ್, ಫ್ರಿಜ್ಜುಗಳ ಬಗ್ಗೆ ನಾವು ವಹಿಸುವ ಕಾಳಜಿಯ ಕಾಲು ಭಾಗವನ್ನೂ ಹೊರಗೆ ನಿಲ್ಲಿಸಿದ ಗಾಡಿಯ ಬಗ್ಗೆ ವಹಿಸುವುದಿಲ್ಲ. ಇನ್ನೂ ಓಡುತ್ತಿರುವ ಹಳೆಯ ಕ್ವಾಲಿಸ್, ಸುಮೋದಿಂದ ಹಿಡಿದು ಬೊಲೆರೊ, ಇನ್ನೋವಾದವರೆಗೆ ನಮ್ಮವರಲ್ಲಿ ಹೆಚ್ಚಾಗಿ ಕಾಣುವುದು ಡೀಸೆಲ್ ಗಾಡಿಗಳೇ. ಬೆಳಗಿನ ಜಾವ ಮಾರುಕಟ್ಟೆಯ ತರಕಾರಿ, ಮಧ್ಯಾಹ್ನ ಕೇಟರಿಂಗ್ ಪಾತ್ರೆ, ವರ್ಷಕ್ಕೆ ಒಂದೆರಡು ಸಲ ಊರು. ಹೀಗೆ ದುಡಿಯುವ ಗಾಡಿ ಎರಡು ಲಕ್ಷ ಕಿ.ಮೀ. ದಾಟಿದ ಕೂಡಲೇ ಮಾರಬೇಕೆಂದಿಲ್ಲ. ಆದರೆ ಅಲ್ಲಿಂದ ಮುಂದೆ ಅದು ಅಲಕ್ಷ್ಯವನ್ನು ಸಹಿಸುವುದಿಲ್ಲ. ಇದನ್ನು ನಾವು ದುಡ್ಡು ಕೊಟ್ಟು ಕಲಿತಿದ್ದೇವೆ.

ಒಂದು ಮೇ ತಿಂಗಳಲ್ಲಿ ಪನ್ವೇಲಿನ ಮದುವೆಯೊಂದಕ್ಕೆ 600 ಜನರ ಊಟ ಒಪ್ಪಿಕೊಂಡಿದ್ದೆವು. ಠಾಣೆಯಿಂದ ಹೊರಟ ನಮ್ಮ ಗಾಡಿಯಲ್ಲಿ ಸಾರು, ಪಲ್ಯ, ಪಾಯಸದ ಪಾತ್ರೆಗಳಿದ್ದವು. ರೇಡಿಯೇಟರಿನ ಕೆಳಗಿನ ಹೋಸ್ ಸಣ್ಣಗೆ ಸೋರುತ್ತಿತ್ತು. ಡ್ರೈವರ್ ತಿಂಗಳಿನಿಂದ ನಲ್ಲಿ ನೀರು ತುಂಬಿಸುತ್ತಿದ್ದ, ನಾವು ಕೇಳಿರಲಿಲ್ಲ. ಮುಂಬ್ರಾ ಬೈಪಾಸಿನ ಟ್ರಾಫಿಕ್ಕಿನಲ್ಲಿ ಮುಳ್ಳು ಮೇಲೇರಿತು. ಅವನು ನಿಲ್ಲಿಸಲಿಲ್ಲ. ಕಳಂಬೋಳಿ ಹತ್ತಿರ ಬಾನೆಟ್ಟಿನಿಂದ ಹಬೆ ಎದ್ದು ಎಂಜಿನ್ ತಾನಾಗಿ ನಿಂತಿತು. ಬಾಡಿಗೆ ಟೆಂಪೋ ಹಿಡಿದು ಊಟ ತಲುಪಿಸುವಾಗ ಒಂದು ಗಂಟೆ ತಡವಾಗಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಬಾಗಿತ್ತು. "ಮುಳ್ಳು ನೋಡಿಯೂ ಯಾಕೆ ನಿಲ್ಲಿಸಲಿಲ್ಲ ಮಾರಾಯ?" ಎಂದು ಕೇಳಿದೆವು. "ಧನಿ, ಮೊನ್ನೆ ಅರ್ಧ ಗಂಟೆ ತಡವಾದದ್ದಕ್ಕೆ ನೀವು ಎಲ್ಲರ ಎದುರು ಬೈದಿದ್ದಿರಲ್ಲ" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮುಳ್ಳು ಮಧ್ಯಭಾಗ ದಾಟಿದರೆ ಯಾರನ್ನೂ ಕೇಳದೆ ಬದಿಗೆ ನಿಲ್ಲಿಸುವ ಅಧಿಕಾರ ಅವನಿಗಿದೆ. ನಿಲ್ಲಿಸುವಷ್ಟು ಜಾಗವಿಲ್ಲದಿದ್ದರೆ ಏಸಿ ಆರಿಸಿ ಹೀಟರನ್ನು ಪೂರ್ತಿ ತಿರುಗಿಸಬೇಕು. ಎಂಜಿನ್ನಿನ ಶಾಖ ಸ್ವಲ್ಪ ಒಳಗೆ ಬರುತ್ತದೆ, ಬೆವರಿದರೂ ಹೆಡ್ ಉಳಿದೀತು.

ರೇಡಿಯೇಟರಿನ ಕೆಲಸ ಅರ್ಥವಾಗಲು ನಮ್ಮ ಅಡುಗೆಮನೆಯೇ ಸಾಕು. ಅದರ ಮುಚ್ಚಳ ಪ್ರೆಶರ್ ಕುಕ್ಕರಿನ ವೆಯ್ಟಿನಂತೆ. ಒತ್ತಡ ಹಿಡಿದಿಟ್ಟು, ನೀರು 100 ಡಿಗ್ರಿಗೇ ಕುದಿಯದಂತೆ ತಡೆಯುತ್ತದೆ. ಮುಚ್ಚಳದ ರಬ್ಬರ್ ಸತ್ತರೆ ಒತ್ತಡ ನಿಲ್ಲುವುದಿಲ್ಲ, ಕೂಲಂಟ್ ಬೇಗ ಕುದಿದು ಹೊರಚೆಲ್ಲುತ್ತದೆ. ಬಿಸಿ ಇರುವಾಗ ಅದನ್ನು ತೆರೆಯುವುದು ಕುಕ್ಕರ್ ಕೂಗುತ್ತಿರುವಾಗ ಮುಚ್ಚಳ ಕಿತ್ತಂತೆ. ಇನ್ನು ಟ್ಯಾಂಕರ್ ನೀರು. ಅದು ಕಾಫಿ ಬಾಯ್ಲರಿನೊಳಗೆ ಕಟ್ಟುವ ಬಿಳಿ ಪದರ ನಾವೆಲ್ಲ ನೋಡಿದ್ದೇ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲಂಟನ್ನು ಶುದ್ಧೀಕರಿಸಿದ ಬ್ಯಾಟರಿ ನೀರಿನೊಡನೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ, ಇಲ್ಲವೇ ಬೆರೆಸಿಯೇ ಸಿಗುವುದನ್ನು ಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಬಿಸಿಯಾಗುವ ಗಾಡಿಯ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು "ಇನ್ನು ತಂಪಾಗಿರುತ್ತದೆ" ಎನ್ನುವ ಮೆಕ್ಯಾನಿಕರಿದ್ದಾರೆ. ಒಪ್ಪಬೇಡಿ. ಬೇಕಾದ ಶಾಖಕ್ಕೆ ಬಾರದ ಎಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ವಾಲ್ವ್ ಕೆಟ್ಟಿದ್ದರೆ ಹೊಸದು ಹಾಕಿಸಿ.

ಎಂಜಿನ್ ಆಯಿಲಿನ ವಿಚಾರಕ್ಕೆ ಬರೋಣ. ಬೋಂಡದ ಬಾಣಲೆಯ ಎಣ್ಣೆ ಕಪ್ಪಾದರೆ ಬದಲಾಯಿಸುತ್ತೇವೆ. ಡೀಸೆಲ್ ಎಂಜಿನ್ನಿಗೆ ಈ ಲೆಕ್ಕ ಹೊಂದುವುದಿಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಡುವುದೇ ಆಯಿಲಿನ ಕೆಲಸವಾದ್ದರಿಂದ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಆದುದರಿಂದ ಬಣ್ಣ ನೋಡಿ ತೀರ್ಮಾನಿಸಬೇಡಿ. ಹಾಗೆಂದು ಮೀಟರನ್ನೇ ನಂಬಿದರೂ ತಪ್ಪು. ವಾಶಿಯಲ್ಲಿ ಲೋಡ್ ಆಗುವಾಗ, ಸಿಗ್ನಲ್ಲಿನಲ್ಲಿ, ಏಸಿಗಾಗಿ ಎಂಜಿನ್ ಓಡುತ್ತಲೇ ಇರುತ್ತದೆ, ಮೀಟರ್ ಓಡುವುದಿಲ್ಲ. ನಿಂತಲ್ಲೇ ಒಂದು ಗಂಟೆ ಓಡಿದ್ದನ್ನು 40-50 ಕಿ.ಮೀ. ಎಂದು ಲೆಕ್ಕ ಹಿಡಿಯುವವರಿದ್ದಾರೆ. ಮೇಲಾಗಿ ನಸುಕಿನ ತಣ್ಣನೆಯ ಸ್ಟಾರ್ಟು, ನಾಲ್ಕು ಕಿ.ಮೀ. ಓಟ, ಮತ್ತೆ ನಿಲುಗಡೆ. ಕಂಪೆನಿಯ ಪುಸ್ತಕದಲ್ಲಿ 10,000 ಕಿ.ಮೀ.ಗೆ ಆಯಿಲ್ ಬದಲಿಸಿ ಎಂದಿದ್ದರೆ ನಮ್ಮ ಬಳಕೆಗೆ 5,000ವೇ ಸರಿ. ಫಿಲ್ಟರನ್ನೂ ಜೊತೆಗೇ ಬದಲಿಸಿ. ಹೊಸ ಸಾಂಬಾರನ್ನು ತೊಳೆಯದ ಪಾತ್ರೆಗೆ ಸುರಿಯುತ್ತೇವೆಯೇ?

ವಾರಕ್ಕೊಮ್ಮೆ ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಕಡ್ಡಿ ನೋಡಿ. ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಇಳಿಯುತ್ತಿದ್ದು, ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಒಳಗೆ ಉರಿಯುತ್ತಿದೆ. ಕಪ್ಪು ಹೊಗೆ ಹೆಚ್ಚಾಗಿ ಗಾಳಿ ಕಡಿಮೆಯಾದುದರ ಅಥವಾ ಇಂಜೆಕ್ಟರ್ ಕೆಟ್ಟುದರ ಗುರುತು. ಬಿಳಿ ಹೊಗೆ ನಿಲ್ಲದೆ ಬಂದು ಕೂಲಂಟ್ ಕೂಡ ಇಳಿಯುತ್ತಿದ್ದರೆ ಗ್ಯಾಸ್ಕೆಟ್ಟನ್ನು ಸಂಶಯಿಸಿ. ಆಯಿಲ್ ಮಟ್ಟ ಏರಿದರೆ ಕೆಲವರು ಖುಷಿಪಡುತ್ತಾರೆ! ಅದು ಇನ್ನೂ ಕೆಟ್ಟದ್ದು, ಡೀಸೆಲ್ಲೋ ನೀರೋ ಆಯಿಲಿಗೆ ಸೇರುತ್ತಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವುಗಳ ಸೈಲೆನ್ಸರ್ ದಾರಿಯಲ್ಲಿರುವ ಮಸಿ ಸೋಸುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಒಂದಷ್ಟು ಹೊತ್ತಿನ ಬಿಸಿ ಓಟ ಬೇಕು. ಬರೀ ಪೇಟೆಯೊಳಗೆ ಸುತ್ತಿದರೆ ಆ ಕೆಲಸ ಅರ್ಧಕ್ಕೇ ನಿಂತು, ಅದಕ್ಕಾಗಿ ಬಿಟ್ಟ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ಆಗಾಗ ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ.

ಟರ್ಬೊ ಇರುವ ಗಾಡಿಯಾದರೆ ಘಾಟಿ ಹತ್ತಿ ಬಂದ ಕೂಡಲೇ ಚಾವಿ ತಿರುಗಿಸಬೇಡಿ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲದು, ಅದಕ್ಕೆ ಆಧಾರ ತೆಳುವಾದ ಆಯಿಲ್ ಪದರ ಮಾತ್ರ. ಕಶೇಡಿ ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿದಾಗ ಒಂದೆರಡು ನಿಮಿಷ ಎಂಜಿನ್ ಹಾಗೆಯೇ ಓಡಲಿ. ಏರ್ ಫಿಲ್ಟರ್ ಮಾತ್ರವಲ್ಲ, ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನೂ ನೋಡಿಸಿ. ಅದು ಬಿರುಕುಬಿಟ್ಟರೆ ರಸ್ತೆಯ ಧೂಳು ನೇರ ಸಿಲಿಂಡರಿಗೆ. ಕ್ವಾಲಿಸ್ ಮತ್ತು ಮೊದಲ ತಲೆಮಾರಿನ ಡೀಸೆಲ್ ಇನ್ನೋವಾದಲ್ಲಿ ಟೈಮಿಂಗ್ ಬೆಲ್ಟ್ ಇದೆ. ಓಡುವಾಗ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ದೊಡ್ಡ ಖರ್ಚಿಗೆ ದಾರಿ. ಹಳೆಯ ಗಾಡಿ ಕೊಂಡವರು ಬೆಲ್ಟ್ ಬದಲಿಸಿದ ಬಿಲ್ ಸಿಗದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಮಳೆಗಾಲದಲ್ಲಿ ಆಗಾಗ ಬಿಡಿಸಬೇಕು.

ಮಳೆಗಾಲವೆಂದಾಗ ಮುಂಬಯಿಯವರಿಗೆ 2005ರ ಜುಲೈ 26 ನೆನಪಾಗದಿರದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಿತ್ತು. ಅಂಥ ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಗಾಳಿಯ ದಾರಿಯಲ್ಲಿ ನೀರು ಸಿಲಿಂಡರಿಗೆ ನುಗ್ಗಿದ್ದರೆ, ಗಾಳಿಯಂತೆ ಅದು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಬ್ಯಾಟರಿ ವಯರ್ ಬಿಚ್ಚಿ, ತಳ್ಳಿಸಿ ಅಥವಾ ಟೋ ಮಾಡಿಸಿ ಗ್ಯಾರೇಜಿಗೆ ಒಯ್ಯಿರಿ. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ ಆದ ಎಂಜಿನ್ ಹಾನಿಯನ್ನು ಸಾಮಾನ್ಯ ವಿಮೆ ಭರಿಸದಿರಬಹುದು, ಎಂಜಿನ್ ರಕ್ಷಣೆ ಸೇರಿದೆಯೇ ಎಂದು ಮಳೆಗೆ ಮುನ್ನವೇ ಪಾಲಿಸಿ ತೆಗೆದು ನೋಡಿ.

ನಮ್ಮ ಗಲ್ಲಾದಲ್ಲಿ ಹಾಲಿನ ಪುಸ್ತಕದ ಪಕ್ಕ ಈಗ ಗಾಡಿಯದೂ ಒಂದು ಪುಸ್ತಕವಿದೆ. ಸೋಮವಾರ ಬೆಳಿಗ್ಗೆ ಡ್ರೈವರ್ ಆಯಿಲ್, ಕೂಲಂಟ್ ಮಟ್ಟ ಬರೆದು ಸಹಿ ಹಾಕುತ್ತಾನೆ, ಕೆಳಗೆ ನಮ್ಮ ಸಹಿ. ಕಳೆದ ತಿಂಗಳು ಅವನೇ ಬರೆದಿದ್ದ: "ಕೂಲಂಟ್ ಒಂದು ಬೆರಳು ಕಡಿಮೆ, ಹೋಸ್ ಕ್ಲಿಪ್ ಸಡಿಲ." ಕ್ಲಿಪ್ ಬಿಗಿ ಮಾಡಿಸಿ ಮಾರನೆಯ ದಿನ ಗಾಡಿ ವಾಶಿಗೆ ಹೋಯಿತು.